ಅವು ಅಲ್ಲ, ಅವರು: ಡ್ವಾರ್ಫರ ಬೆಡಗುಗಳ ಬಗ್ಗೆ ಆಡಿದ ಮಾತು

(ಚಿಕ್ಕಮಗಳೂರಿನಲ್ಲಿ ಓದುವ ಗೆಳೆಯರು ಸೇರಿದ್ದ ಒಂದು ಭಾನುವಾರದ ಸಂಜೆ ಆಡಿದ ಮಾತಿನ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಮಕ್ಕಳನ್ನೂ ಕರೆದುಕೊಂಡು ಬಂದಿದ್ದೀರಿ. ತುಂಬಾ ಸಂತೋಷ.

ಮಾತು ಶುರು ಮಾಡುವ ಮೊದಲು ಈ ಕಲ್ಲನ್ನು ಮುಂದಿನ ಸಾಲಿನವರ ಕೈಗೆ ಕೊಡುತ್ತೇನೆ. ಜೊತೆಗೊಂದು ಅಯಸ್ಕಾಂತವೂ ಇದೆ. ಕಲ್ಲಿಗೆ ತಾಗಿಸಿ ನೋಡಿ, ಹಿಡಿದುಕೊಳ್ಳುತ್ತೆ. ಇದು ಕುದುರೆಮುಖದ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ನಮ್ಮ ಅಪ್ಪ ಅಲ್ಲಿ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ಊರು ಬಿಟ್ಟು ಬರುವಾಗ ತಂದದ್ದು ಪಾತ್ರೆ, ಬಟ್ಟೆ, ದೇವರ ಫೋಟೋ, ಮತ್ತೆ ಈ ಕಲ್ಲು. ನೋಡಿ ಹಿಂದಿನವರಿಗೆ ದಾಟಿಸಿ. ಇವತ್ತು ಯಾಕೆ ತಂದಿದ್ದೇನೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಇವತ್ತಿನ ವಿಷಯ ಡ್ವಾರ್ಫರು. ಬೆಟ್ಟದೊಳಗೆ ಮನೆ ಕೊರೆದುಕೊಂಡು, ಲೋಹ ಕಾಯಿಸಿ ಬಡಿದು ಬದುಕುವ, ಗಡ್ಡದ, ಗಟ್ಟಿ ಮೈಯ ಜನ. ಸಿನಿಮಾದಲ್ಲಿ ನೋಡಿದ್ದೀರಿ, ಕಂಪ್ಯೂಟರ್ ಆಟಗಳಲ್ಲಿ ಮಕ್ಕಳು ನೋಡಿರುತ್ತಾರೆ. ಈ ಮಾತಿಗೆ ಟಿಪ್ಪಣಿ ಮಾಡಿಕೊಳ್ಳಲು ಕೂತಾಗ ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. 'ಡ್ವಾರ್ಫ್‌ಗಳು' ಎಂದು ಬರೆಯಬೇಕೋ, 'ಡ್ವಾರ್ಫರು' ಎಂದು ಬರೆಯಬೇಕೋ? ಇಂಗ್ಲಿಷಿನಲ್ಲಿ ಈ ತೊಂದರೆ ಇಲ್ಲ. ಕನ್ನಡ ಮಾತ್ರ ಬಹುವಚನ ಹಚ್ಚುವ ಮೊದಲೇ ನಮ್ಮನ್ನು ಕೇಳುತ್ತದೆ: ನೀನು ಮಾತಾಡುತ್ತಿರುವುದು ಮನುಷ್ಯರ ಬಗ್ಗೆಯೋ, ಉಳಿದವುಗಳ ಬಗ್ಗೆಯೋ? ಮರಗಳು, ಎತ್ತುಗಳು, ಕಲ್ಲುಗಳು. ಆದರೆ ರೈತರು, ಬಡಗಿಗಳಾದರೂ 'ಬಡಗಿಗಳು ಬಂದರು', 'ಬಂದವು' ಅಲ್ಲ. ಹಾಗಾಗಿ ಕನ್ನಡದಲ್ಲಿ ಡ್ವಾರ್ಫರ ಬಗ್ಗೆ ಒಂದು ವಾಕ್ಯ ಬರೆಯುವುದಕ್ಕೂ ಮೊದಲು ಅವರನ್ನು 'ಅವು' ಅನ್ನಬೇಕೋ 'ಅವರು' ಅನ್ನಬೇಕೋ ಎಂದು ತೀರ್ಮಾನಿಸಿಕೊಳ್ಳಬೇಕು. ನಾನು 'ಅವರು' ಅನ್ನುತ್ತೇನೆ. ಇವತ್ತು ನಾನು ಹೇಳುವುದೆಲ್ಲ ಆ 'ಅವರು' ಅನ್ನುವುದಕ್ಕೆ ಕಾರಣಗಳೇ.

ಇನ್ನೊಂದು ಮಾತು. 'ಕುಬ್ಜರು' ಅನ್ನಬಹುದಿತ್ತಲ್ಲ ಎಂದು ಬರುವಾಗ ಒಬ್ಬರು ಕೇಳಿದರು. ಕುಬ್ಜ ಅಂದರೆ ನಮಗೆ ನೆನಪಾಗುವವಳು ಮಥುರೆಯ ಕುಬ್ಜೆ, ಬೆನ್ನು ಬಾಗಿದವಳು. ವಾಮನ ಅಂದರೆ ದೇವರೇ ಎದುರು ಬಂದು ನಿಲ್ಲುತ್ತಾನೆ. 'ಕುಳ್ಳ' ಅನ್ನುವುದನ್ನು ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳು ಬೈಗುಳವಾಗಿ ಕೇಳಿಸಿಕೊಂಡಿದ್ದಾರೋ. ನಮ್ಮ ನಡುವೆ ಬದುಕುತ್ತಿರುವ ಕಡಿಮೆ ಎತ್ತರದ ಜನರನ್ನು ಕಥೆಯ ಜನಾಂಗವೊಂದರ ಹೆಸರಿಗೆ ಎಳೆದು ತರುವುದು ನನಗೆ ಇಷ್ಟವಿಲ್ಲ. 'ಹಾಬಿಟ್', 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಇಂಗ್ಲಿಷ್ ಲೇಖಕ ಟೋಲ್ಕಿನ್ ಕೂಡ ಇಂಥದ್ದೇ ಕಾಳಜಿ ಮಾಡಿದವರು. ಇಂಗ್ಲಿಷಿನಲ್ಲಿ ರೂಢಿಯಲ್ಲಿದ್ದ ಬಹುವಚನ 'ಡ್ವಾರ್ಫ್ಸ್'. ಅವರು ತಮ್ಮ ಜನರಿಗೆ 'ಡ್ವಾರ್ವ್ಸ್' ಎಂದು ಬರೆದರು. ಮಕ್ಕಳ ಕಥೆಯ ಬೊಂಬೆಗಳಿಂದ ತಮ್ಮವರನ್ನು ಬೇರೆಯಾಗಿಸಲು ಒಂದಕ್ಷರ ಬದಲಿಸಿಕೊಂಡರು. ನಾವು 'ರು' ಹಚ್ಚೋಣ.

ಡ್ವಾರ್ಫರ ಬೇರು ಇರುವುದು ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ. ಐಸ್‌ಲ್ಯಾಂಡಿನ ಸ್ನೊರ್ರಿ ಸ್ಟುರ್ಲುಸನ್ ಸುಮಾರು 1220ರ ಹೊತ್ತಿಗೆ ಬರೆದಿಟ್ಟ ಪ್ರಕಾರ, ಯಿಮಿರ್ ಎಂಬ ಆದಿದೈತ್ಯನನ್ನು ಕೊಂದು ಅವನ ಮಾಂಸದಿಂದ ದೇವತೆಗಳು ಭೂಮಿ ಮಾಡಿದರು. ಆ ಮಾಂಸದಲ್ಲಿ ಹುಳುಗಳ ಹಾಗೆ ಹುಟ್ಟಿದ್ದವು ಡ್ವಾರ್ಫ್‌ಗಳು. ಆಮೇಲೆ ದೇವತೆಗಳು ಅವಕ್ಕೆ ಮನುಷ್ಯರ ಬುದ್ಧಿ, ಮನುಷ್ಯರ ಆಕಾರ ಕೊಟ್ಟರು. ನೋಡಿ, ಇಲ್ಲಿ ನನ್ನ ಬಾಯಲ್ಲಿ ತಾನಾಗಿಯೇ 'ಹುಟ್ಟಿದ್ದವು' ಬಂತು. ಅವರು 'ಅವು' ಆಗಿಯೇ ಶುರುವಾದವರು.

ಆ ಪುರಾಣದಲ್ಲಿ ಅವರ ಕೆಲಸ ದೊಡ್ಡದು. ಗುಡುಗಿನ ದೇವರು ಥಾರ್‌ನ ಸುತ್ತಿಗೆಯನ್ನು ಮಾಡಿದವರು ಬ್ರೋಕ್ ಮತ್ತು ಸಿಂದ್ರಿ ಎಂಬ ಅಣ್ಣತಮ್ಮಂದಿರು. ದೇವತೆಗಳ ದೊರೆ ಓಡಿನ್‌ನ ಈಟಿಯನ್ನು ಮಾಡಿದವರು ಇವಾಲ್ಡಿಯ ಮಕ್ಕಳು. ಆಕಾಶದ ನಾಲ್ಕು ಮೂಲೆ ಹೊತ್ತು ನಿಂತವರೂ ನಾಲ್ವರು ಡ್ವಾರ್ಫರೇ. ನೊರ್ದ್ರಿ, ಸುದ್ರಿ, ಔಸ್ತ್ರಿ, ವೆಸ್ತ್ರಿ ಎಂದು ದಿಕ್ಕಿನ ಹೆಸರೇ ಅವರ ಹೆಸರು. ಅಷ್ಟದಿಗ್ಗಜಗಳ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೆನಿಸುವುದಿಲ್ಲ. ಆದರೆ ಅವರಿಗೆ ಮನೆಯಿಲ್ಲ, ಹೆಂಡತಿ ಮಕ್ಕಳ ಕಥೆ ಇಲ್ಲವೆನ್ನುವಷ್ಟು ಕಡಿಮೆ. 'ವೊಲುಸ್ಪಾ' ಎಂಬ ಹಳೆಯ ಪದ್ಯದಲ್ಲಿ ಅವರ ಹೆಸರುಗಳ ಉದ್ದ ಪಟ್ಟಿಯೊಂದು ಬರುತ್ತದೆ. ಅದರ ನಡುವೆ ಒಂದು ಸಣ್ಣ ಮಾತಿದೆ: ಲೋಫರ್ ಎಂಬುವನ ವಂಶದವರು ಕಲ್ಲಿನ ಮನೆ ಬಿಟ್ಟು ಬಯಲು ಸೀಮೆಗೆ ಹೋದರು ಅಂತ. ಯಾಕೆ ಹೋದರು, ಅಲ್ಲಿ ಏನಾಯಿತು, ಪದ್ಯ ಹೇಳುವುದಿಲ್ಲ. ಇಡೀ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಾಲು ಅದೇ. ಒಂದು ಗುಂಪು ಊರು ಬಿಟ್ಟಿತು. ಅವರು ಬೇರೆಯವರಾದರು. ಅದೇ ಬೆಡಗಿನ ಶುರು.

ಬೆಡಗು ಅನ್ನುವ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಇಂಗ್ಲಿಷ್ ಪುಸ್ತಕಗಳಲ್ಲಿ ಉಪಜನಾಂಗ, ಉಪಪಂಗಡ ಎಂಬ ಅರ್ಥದ ಶಬ್ದಗಳಿವೆ. ನಮ್ಮಲ್ಲಿ ಬೆಡಗು ಇದೆ, ಬಳಿ ಇದೆ, ಮನೆತನ ಇದೆ. ನಮ್ಮ ಹಳ್ಳಿಗಳಲ್ಲಿ 'ನಿಮ್ಮದು ಯಾವ ಬೆಡಗು' ಅಂತ ಕೇಳುವಾಗ ಆ ಕುಲದ ಹಿರಿಯ ಯಾರು, ಯಾವ ಮರವನ್ನೋ ಪ್ರಾಣಿಯನ್ನೋ ನೀವು ಮುಟ್ಟುವುದಿಲ್ಲ, ಯಾರ ಮನೆಯಿಂದ ಹೆಣ್ಣು ತರುವುದಿಲ್ಲ, ಇಷ್ಟೂ ಆ ಒಂದು ಪ್ರಶ್ನೆಯಲ್ಲಿರುತ್ತದೆ.

ಟೋಲ್ಕಿನ್ 1937ರ 'ಹಾಬಿಟ್' ಕಥೆಯಲ್ಲಿ ಹದಿಮೂರು ಜನ ಡ್ವಾರ್ಫರನ್ನು ತಂದಾಗ ಹೆಚ್ಚಿನ ಹೆಸರುಗಳನ್ನು ಅದೇ ಹಳೆಯ ಪದ್ಯದಿಂದ ಎತ್ತಿಕೊಂಡರು. ಆ ಹದಿಮೂರು ಜನರ ನಾಯಕ ಥೋರಿನ್ ಅಲ್ಲಿದ್ದಾನೆ, ಬೊಂಬುರ್ ಅಲ್ಲಿದ್ದಾನೆ, ಮಾಂತ್ರಿಕ ಗ್ಯಾಂಡಾಲ್ಫ್‌ನ ಹೆಸರೂ ಆ ಡ್ವಾರ್ಫರ ಪಟ್ಟಿಯದ್ದೇ. ಹೆಸರು ಹಳೆಯದು. ಆದರೆ ಆ ಹೆಸರುಗಳ ಹಿಂದೆ ಅವರು ಕಟ್ಟಿದ ಹುಟ್ಟಿನ ಕಥೆ ಬೇರೆಯೇ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಔಲೆ ಎಂಬ ದೇವತೆ. ಲೋಹ, ಕಲ್ಲು, ಕೈಕೆಲಸಗಳ ಒಡೆಯ. ನಮ್ಮ ವಿಶ್ವಕರ್ಮನ ಹಾಗೆ ಎನ್ನಿ. ಲೋಕಕ್ಕೆ ಬರಬೇಕಾದ ಮಕ್ಕಳು, ಅಂದರೆ ಎಲ್ಫರು ಎಂಬ ಮುಪ್ಪಿಲ್ಲದ ಜನ ಮತ್ತು ಮನುಷ್ಯರು, ಇನ್ನೂ ಹುಟ್ಟಿಲ್ಲ. ಕಾಯುವ ತಾಳ್ಮೆ ಔಲೆಗಿಲ್ಲ. ಕಲಿಸಲು ಶಿಷ್ಯರು ಬೇಕು. ಬೆಟ್ಟದ ಕೆಳಗೆ ಗುಟ್ಟಾಗಿ ಏಳು ಜನ ಡ್ವಾರ್ಫರನ್ನು ಮಾಡಿದ. ಸೃಷ್ಟಿಕರ್ತನಿಗೆ ಗೊತ್ತಾಯಿತು. ಅವನು ಕೇಳಿದ: ನಿನಗೆ ಅಧಿಕಾರವಿಲ್ಲದ ಕೆಲಸ ಯಾಕೆ ಮಾಡಿದೆ? ಇವು ನೀನು ಮನಸ್ಸು ಮಾಡಿದಾಗ ಕದಲುತ್ತವೆ, ನೀನು ಬೇರೆ ಕಡೆ ಯೋಚಿಸಿದರೆ ನಿಂತುಬಿಡುತ್ತವೆ. ಔಲೆ ಅತ್ತುಕೊಂಡು ತನ್ನ ದೊಡ್ಡ ಸುತ್ತಿಗೆಯನ್ನು ಎತ್ತಿದ, ತಾನೇ ಮಾಡಿದ್ದನ್ನು ತಾನೇ ಪುಡಿ ಮಾಡಲು. ಆಗ ಆ ಏಳು ಜನ ಹೆದರಿ ಮೈ ಮುದುಡಿಕೊಂಡು ತಲೆ ತಗ್ಗಿಸಿ ಬೇಡಿಕೊಂಡರು.

ಸೃಷ್ಟಿಕರ್ತ ತೋರಿಸಿಕೊಟ್ಟದ್ದು ಅದನ್ನೇ. ಅವರಿಗೆ ತಮ್ಮದೇ ಜೀವ ಇಲ್ಲದಿದ್ದರೆ ಸುತ್ತಿಗೆಗೆ ಹೆದರುತ್ತಿರಲಿಲ್ಲ. ನಿನ್ನ ಕಾಣಿಕೆಯನ್ನು ನಾನು ಆಗಲೇ ಒಪ್ಪಿಕೊಂಡಾಯಿತು ಅಂದ. ಆ ಕ್ಷಣದಲ್ಲಿ, ಸುತ್ತಿಗೆ ಇನ್ನೂ ಗಾಳಿಯಲ್ಲಿರುವಾಗ, 'ಅವು' ಹೋಗಿ 'ಅವರು' ಆದರು. ಇಂಗ್ಲಿಷಿನಲ್ಲಿ ಓದುವಾಗ ಇದು ನನಗೆ ಹೊಳೆದಿರಲಿಲ್ಲ. ನಮ್ಮಕ್ಕನ ಮಗಳಿಗೆ ಕನ್ನಡದಲ್ಲಿ ಈ ಕಥೆ ಹೇಳುವಾಗ ಕ್ರಿಯಾಪದ ತಾನಾಗಿ ಬದಲಾಯಿತು. 'ಕದಲುತ್ತವೆ' ಅಂದಿದ್ದ ನಾನೇ ಮುಂದಿನ ಉಸಿರಿನಲ್ಲಿ 'ಬೇಡಿಕೊಂಡರು' ಅಂದಿದ್ದೆ.

ಈ ಕಥೆಯ ಬಾಲವೊಂದಿದೆ, ಮಲೆನಾಡಿನವರಾದ ನಾವು ಬಿಡಬಾರದ್ದು. ಔಲೆಯ ಹೆಂಡತಿ ಯವನ್ನಾ ಗಿಡಮರಗಳ ದೇವತೆ. ಗಂಡ ಮಾಡಿದ ಈ ಜನ ತನ್ನ ಮರಗಳನ್ನು ಕಡಿಯುತ್ತಾರೆ ಎಂಬ ಚಿಂತೆ ಅವಳಿಗೆ ಹತ್ತಿತು. ಮರಗಳಿಗೆ ಕಾವಲುಗಾರರು ಬೇಕೆಂದು ಅವಳು ಕೇಳಿಕೊಂಡಳು, ಅದು ನೆರವೇರುತ್ತದೆ ಎಂಬ ಭರವಸೆಯೂ ಸಿಕ್ಕಿತು. ಅದನ್ನು ಗಂಡನಿಗೆ ಬಂದು ಹೇಳಿದರೆ ಔಲೆ ತನ್ನ ಕೆಲಸದಿಂದ ತಲೆ ಎತ್ತದೆ ಹೇಳಿದ್ದು, ಆದರೂ ಅವರಿಗೆ ಸೌದೆ ಮರ ಬೇಕೇ ಬೇಕಲ್ಲ ಅಂತ. ಈ ಜಗಳ ಅಲ್ಲಿಗೆ ಮುಗಿದಿಲ್ಲ. ಇಲ್ಲಿಯೂ ಮುಗಿದಿಲ್ಲ.

ಆ ಏಳು ಪಿತಾಮಹರಿಂದ ಏಳು ಬೆಡಗು. ಕನ್ನಡಕ್ಕೆ ತಂದರೆ ಉದ್ದಗಡ್ಡದವರು, ಕೆಂಡಗಡ್ಡದವರು, ಅಗಲಮೈಯವರು, ಉಕ್ಕಿನ ಮುಷ್ಟಿಯವರು, ಸೆಟೆಗಡ್ಡದವರು, ಕರಿಗುರುಳಿನವರು, ಕಲ್ಲುಹೆಜ್ಜೆಯವರು. ಕೊನೆಯ ನಾಲ್ಕು ಬೆಡಗು ದೂರ ಪೂರ್ವದವು, ಕಥೆಗಳಲ್ಲಿ ಹೆಚ್ಚು ಬರುವುದಿಲ್ಲ. ಉದ್ದಗಡ್ಡದವರ ಪಿತಾಮಹ ಡುರಿನ್, ಎಲ್ಲರಿಗಿಂತ ಹಿರಿಯ. ಅವನು ಒಬ್ಬನೇ ಎಚ್ಚರಗೊಂಡು ಅಲೆಯುತ್ತಾ ಬಂದು ಒಂದು ಕೊಳದಲ್ಲಿ ಬಗ್ಗಿ ನೋಡಿದಾಗ ತಲೆಯ ಸುತ್ತ ನಕ್ಷತ್ರಗಳು ಕಿರೀಟದಂತೆ ಕಂಡವು. ಆ ಕೊಳದ ಮೇಲಿನ ಬೆಟ್ಟದಲ್ಲೇ ಖಜದ್‌ದೂಮ್ ಎಂಬ ಊರು ಕೊರೆದ. ಕೆಂಡಗಡ್ಡದವರು ಮತ್ತು ಅಗಲಮೈಯವರು ಪಶ್ಚಿಮದ ನೀಲಿ ಬೆಟ್ಟಗಳವರು. ಅಲ್ಲಿ ಎರಡು ದೊಡ್ಡ ಊರು, ನೋಗ್ರೋಡ್ ಮತ್ತು ಬೆಲೆಗೋಸ್ಟ್.

ಒಂದೇ ಬೆಟ್ಟಸಾಲು, ಒಂದೇ ಕಸುಬು, ಒಂದೇ ಭಾಷೆ. ಆದರೆ ಆ ಎರಡು ಊರುಗಳ ಗುಣ ನೋಡಿ. ಬೆಲೆಗೋಸ್ಟಿನವರು ಸರಪಣಿ ಅಂಗಿಯನ್ನು ಮೊದಲು ಹೆಣೆದವರು. ನೋಗ್ರೋಡ್ ಕತ್ತಿಗಳ ಊರು; ಟೆಲ್ಕರ್ ಎಂಬ ಮಹಾ ಕಮ್ಮಾರ ಅಲ್ಲಿಯವನು. ಎಲ್ಫರ ರಾಜ ಥಿಂಗೋಲ್ ತನ್ನಲ್ಲಿದ್ದ ಒಂದು ರತ್ನವನ್ನು ಡ್ವಾರ್ಫರು ಹಿಂದೆ ಮಾಡಿದ್ದ ಹಾರಕ್ಕೆ ಕೂರಿಸಿಕೊಡಿ ಎಂದು ನೋಗ್ರೋಡಿನ ಅಕ್ಕಸಾಲಿಗರಿಗೆ ಕೊಟ್ಟ. ಕೆಲಸ ಮುಗಿದಾಗ ಹಾರ ನಮ್ಮದು ಅಂತ ಅವರು, ನಮ್ಮದು ಅಂತ ಇವನು. ರಾಜ ಅವಮಾನ ಮಾಡಿ ಮಾತಾಡಿದ, ಅವರು ಅವನನ್ನು ಕೊಂದರು. ಮುಂದೆ ನೋಗ್ರೋಡಿನವರು ಸೇಡಿಗೆ ದಂಡು ಕಟ್ಟಿದಾಗ ಬೆಲೆಗೋಸ್ಟಿನವರನ್ನು ಕರೆದರು. ಬೆಲೆಗೋಸ್ಟಿನವರು ಬರಲಿಲ್ಲ. ಬೇಡ, ಹೋಗಬೇಡಿ ಎಂದು ಅವರನ್ನೂ ತಡೆಯಲು ನೋಡಿದರು. ಅವರು ಕೇಳಲಿಲ್ಲ.

ಇದೇ ಬೆಲೆಗೋಸ್ಟಿನ ರಾಜ ಅಜಘಾಲ್ ಮಹಾಯುದ್ಧವೊಂದರಲ್ಲಿ ಗ್ಲೌರುಂಗ್ ಎಂಬ ಡ್ರಾಗನ್ನಿನ ಕಾಲಡಿಗೆ ಸಿಕ್ಕಿ ಸಾಯುವ ಮುನ್ನ ಅದರ ಹೊಟ್ಟೆಗೆ ಕಠಾರಿ ಇಳಿಸಿದವನು. ಡ್ರಾಗನ್ ಓಡಿಹೋಯಿತು. ಯುದ್ಧ ಇನ್ನೂ ನಡೆಯುತ್ತಿತ್ತು. ಅವನ ಜನ ರಾಜನ ಹೆಣವನ್ನು ಹೆಗಲ ಮೇಲೆ ಎತ್ತಿಕೊಂಡು, ಗಂಭೀರವಾದ ದನಿಯಲ್ಲಿ ಶೋಕಗೀತೆ ಹಾಡುತ್ತಾ, ಶತ್ರುಗಳ ಕಡೆ ತಿರುಗಿಯೂ ನೋಡದೆ ರಣರಂಗದ ಮಧ್ಯೆ ನಡೆದುಹೋದರು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಟೋಲ್ಕಿನ್ ಬರೆದ ಯುದ್ಧದ ಚಿತ್ರಗಳಲ್ಲೆಲ್ಲ ನನಗೆ ಇದು ಮೇಲು. ಗಡ್ಡದ ಬಣ್ಣದಿಂದ ಬೇರೆ ಮಾಡಿದ ಬೆಡಗು ಓದುಗನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಯಾವ ಕರೆಗೆ ಹೋದರು, ಯಾವ ಕರೆಗೆ ಹೋಗಲಿಲ್ಲ, ಸತ್ತವರನ್ನು ಹೇಗೆ ಹೊತ್ತರು ಅನ್ನುವುದರಿಂದ ಬೇರೆಯಾದದ್ದು ನಿಲ್ಲುತ್ತದೆ.

ಈಗ ಯಾರೂ ಹೆಚ್ಚು ಮಾತಾಡದ ಒಂದು ಗುಂಪಿಗೆ ಬರುತ್ತೇನೆ. ಎಲ್ಫರು ಅವರನ್ನು 'ಕ್ಷುಲ್ಲ ಡ್ವಾರ್ಫರು' ಎಂಬ ಅರ್ಥದ ಹೆಸರಿನಿಂದ ಕರೆದರು. ಪೂರ್ವದ ದೊಡ್ಡ ಊರುಗಳಿಂದ ಬಹಿಷ್ಕಾರಗೊಂಡು ಬಂದವರು. ನೀಲಿ ಬೆಟ್ಟ ದಾಟಿ ಆ ಕಾಡುಗಳಿಗೆ ಎಲ್ಲರಿಗಿಂತ ಮೊದಲು ಕಾಲಿಟ್ಟವರು ಅವರೇ. ತಲೆಮಾರು ಕಳೆದಂತೆ ಮೈ ಇನ್ನೂ ಸಣ್ಣದಾಯಿತು, ಕಸುಬು ಮರೆಯುತ್ತಾ ಬಂತು, ಕದ್ದು ಮುಚ್ಚಿ ಬದುಕಿದರು. ಆಮೇಲೆ ಬಂದ ಎಲ್ಫರಿಗೆ ಅವರು ಏನೆಂದು ತಿಳಿಯಲಿಲ್ಲ. ಬೇಟೆಯಾಡಿದರು. ಹಂದಿ, ಕಡವೆಯನ್ನು ಅಟ್ಟಿಸಿಕೊಂಡು ಹೋಗುವ ಹಾಗೆ ಅಟ್ಟಿಸಿಕೊಂಡು ಹೋಗಿ ಕೊಂದರು. ಬೆಲೆಗೋಸ್ಟ್, ನೋಗ್ರೋಡಿನ ಡ್ವಾರ್ಫರ ಪರಿಚಯವಾದ ಮೇಲಷ್ಟೇ, ತಾವು ಕೊಂದದ್ದು ಯಾರನ್ನು ಎಂಬುದು ಎಲ್ಫರಿಗೆ ಗೊತ್ತಾಯಿತು. ಆಮೇಲೆ ಬೇಟೆ ನಿಲ್ಲಿಸಿದರು. ಆದರೆ ಅವರು ಕೊರೆದಿದ್ದ ದೊಡ್ಡ ಗುಹೆ ಎಲ್ಫರ ಅರಮನೆ ನಾರ್ಗೊಥ್ರೊಂಡ್ ಆಯಿತು. ಸ್ವಂತ ಕುಲದ ದೊಡ್ಡ ಡ್ವಾರ್ಫರೂ ಇವರನ್ನು ಹತ್ತಿರ ಸೇರಿಸಲಿಲ್ಲ.

ಕಥೆ ತೆರೆಯುವ ಹೊತ್ತಿಗೆ ಉಳಿದವರು ಮೂರೇ ಜನ. ಮುದುಕ ಮೀಮ್, ಅವನ ಮಕ್ಕಳು ಖೀಮ್ ಮತ್ತು ಇಬುನ್. ಮುಸ್ಸಂಜೆಯಲ್ಲಿ ಮೂಟೆ ಹೊತ್ತು ಹೋಗುತ್ತಿದ್ದ ಈ ಮೂವರನ್ನು ಟೂರಿನ್ ಎಂಬ ಮನುಷ್ಯನೂ ಅವನ ಕಾಡುಪಾಲಾದ ಗುಂಪೂ ಕಂಡರು. ಗುಂಪಿನವನೊಬ್ಬ ಬಾಣ ಬಿಟ್ಟ. ಸಿಕ್ಕಿಬಿದ್ದ ಮೀಮ್ ಜೀವಕ್ಕೆ ಬದಲಾಗಿ ತನ್ನ ಮನೆಯಲ್ಲೇ ಜಾಗ ಕೊಡುತ್ತೇನೆಂದು ಒಪ್ಪಿಕೊಂಡ. ಮನೆ ತಲುಪಿದಾಗ ಆ ಬಾಣ ಮಗ ಖೀಮ್‌ಗೆ ತಗುಲಿ ಅವನು ಸತ್ತಿದ್ದ. ಟೂರಿನ್ ಕ್ಷಮೆ ಕೇಳಿದ. ನನಗೆ ಎಂದಾದರೂ ಐಶ್ವರ್ಯ ಬಂದರೆ ನಿನ್ನ ಮಗನಿಗಾಗಿ ಚಿನ್ನ ತೆರುತ್ತೇನೆ, ಅದರಿಂದ ನಿನ್ನ ಮನಸ್ಸಿಗೆ ಸಂತೋಷ ಆಗದಿದ್ದರೂ ನನ್ನ ದುಃಖದ ಗುರುತಾಗಿ ತೆರುತ್ತೇನೆ ಅಂದ. ಮೀಮ್ ಅವನನ್ನು ಬಹಳ ಹೊತ್ತು ನೋಡಿ, ನೀನು ಹಳೆಯ ಕಾಲದ ಡ್ವಾರ್ಫ್ ದೊರೆಯ ಹಾಗೆ ಮಾತಾಡಿದೆ ಎಂದ. ತನ್ನ ಮನೆಗೆ 'ಪರಿಹಾರದ ಮನೆ' ಅಂತಲೇ ಹೆಸರಿಟ್ಟ. ಮುಂದೆ ಅದೇ ಮೀಮ್ ಅವರನ್ನು ಶತ್ರುಗಳಿಗೆ ಹಿಡಿದುಕೊಟ್ಟ. ಅವನನ್ನು ದ್ರೋಹಿ ಅಂತ ಓದುವವರಿದ್ದಾರೆ. ದ್ರೋಹ ಮಾಡಿದ್ದು ನಿಜ. ಆದರೆ ಯಾರನ್ನು ತಲೆಮಾರುಗಟ್ಟಲೆ 'ಅವು' ಎಂದು ಕಂಡಿದ್ದರೋ ಅವರಲ್ಲಿ ಉಳಿದ ಒಬ್ಬ ಮುದುಕನಿಂದ ನಿಷ್ಠೆಯನ್ನು ಕೇಳುವ ಹಕ್ಕು ಯಾರಿಗಿತ್ತು ಎಂದು ಪ್ರತಿ ಸಲ ಓದುವಾಗಲೂ ನನ್ನ ಹೊಟ್ಟೆ ಸಂಕಟಪಡುತ್ತದೆ.

ಇವರು ತಮ್ಮ ಹೆಸರನ್ನು ಎಲ್ಲರಿಗೂ ಹೇಳುತ್ತಿದ್ದರು ಅನ್ನುವುದು ದೊಡ್ಡ ಡ್ವಾರ್ಫರಿಗೆ ಹೇಸಿಗೆಯ ವಿಷಯ. ಯಾಕೆಂದರೆ ಡ್ವಾರ್ಫರಿಗೆ ಎರಡು ಹೆಸರು. ನಾವು ಓದುವ ಗಿಮ್ಲಿ, ಬಾಲಿನ್ ಎಲ್ಲ ಹೊರಗಿನ ಹೆಸರು, ನೆರೆಯ ಮನುಷ್ಯರ ಭಾಷೆಯವು. ಒಳಗಿನ ನಿಜವಾದ ಹೆಸರನ್ನು ಬೇರೆ ಜನಕ್ಕೆ ಹೇಳುವುದಿಲ್ಲ, ಗೋರಿಯ ಮೇಲೂ ಕೆತ್ತುವುದಿಲ್ಲ. ಅವರ ಭಾಷೆ ಖುಜ್ದುಲ್ ಕೂಡ ಹಾಗೆಯೇ, ಔಲೆ ಅವರಿಗಾಗಿ ಕಟ್ಟಿಕೊಟ್ಟದ್ದು, ಹೊರಗಿನವರ ಕಿವಿಗೆ ಬೀಳದ್ದು. ಅದರ ಜೊತೆಗೆ ಇಗ್ಲಿಶ್‌ಮೇಕ್ ಎಂಬ ಕೈಸನ್ನೆಯ ಭಾಷೆಯೊಂದಿದೆ. ಟೋಲ್ಕಿನ್ ಖುಜ್ದುಲ್ಲಿನ ರಚನೆಯನ್ನು ಹೀಬ್ರೂ, ಅರಬ್ಬಿ ಗುಂಪಿನ ಭಾಷೆಗಳ ಹಾಗೆ ಮೂರು ವ್ಯಂಜನಗಳ ಧಾತುವಿನ ಮೇಲೆ ಕಟ್ಟಿದರು. ಇದ್ದ ಊರಿಗೆ ಸೇರಿಯೂ ಸೇರದವರಾಗಿ, ಊರಿನ ಭಾಷೆಯನ್ನು ಮನೆಮಾತಿನ ಧಾಟಿಯಲ್ಲಿ ಆಡುವ ತಮ್ಮ ಡ್ವಾರ್ಫರನ್ನು ಯಹೂದಿಗಳಿಗೆ ಹೋಲಿಸಿ ಅವರೇ ಪತ್ರವೊಂದರಲ್ಲಿ ಬರೆದಿದ್ದಾರೆ. ನಾನು ಬೆಳೆದ ಟೌನ್‌ಶಿಪ್ಪಿನಲ್ಲಿ ಒಂದೇ ಸಾಲಿನ ಕ್ವಾರ್ಟರ್ಸ್‌ಗಳಲ್ಲಿ ತುಳು, ಕೊಂಕಣಿ, ಮಲಯಾಳಂ, ತೆಲುಗು ಮನೆಗಳಿದ್ದವು. ಬೀದಿಯಲ್ಲಿ ಎಲ್ಲರದ್ದೂ ಕನ್ನಡ, ಬಾಗಿಲು ದಾಟಿದ ಮೇಲೆ ಅವರವರದ್ದು. ಅದು ಗುಟ್ಟಾಗಿರಲಿಲ್ಲ. ಆದರೂ ಆ ಬಾಗಿಲಿನ ಆಚೆ ಈಚೆ ನನಗೆ ಚೆನ್ನಾಗಿ ಗೊತ್ತು.

(ಇಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದ ಪುಟ್ಟ ಹುಡುಗಿ ಕೇಳಿದಳು: "ಡ್ವಾರ್ಫ್ ಅಮ್ಮಂದಿರಿಗೂ ಗಡ್ಡ ಇರುತ್ತಾ?")

ಇರುತ್ತೆ ಪುಟ್ಟಿ. ಹುಟ್ಟುವಾಗಲೇ ಹೆಣ್ಣು ಗಂಡು ಎಲ್ಲರಿಗೂ ಗಡ್ಡ ಅಂತ ಟೋಲ್ಕಿನ್ ಒಂದು ಕಡೆ ಬರೆದಿದ್ದಾರೆ. ಹೆಂಗಸರು ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲೂ ಇಲ್ಲ. ತೀರಾ ಅಗತ್ಯವಿದ್ದರಷ್ಟೇ ಪ್ರಯಾಣ ಮಾಡುತ್ತಾರೆ. ಆಗ ದನಿ, ಉಡುಪು, ನಡಿಗೆ ಎಲ್ಲ ಗಂಡಸರ ಹಾಗೆಯೇ ಇರುವುದರಿಂದ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಡ್ವಾರ್ಫರಲ್ಲಿ ಹೆಂಗಸರೇ ಇಲ್ಲ, ಅವರು ಕಲ್ಲಿನಿಂದ ಹುಟ್ಟುತ್ತಾರೆ ಅಂತ ಮನುಷ್ಯರು ಹಬ್ಬಿಸಿದ ಮಾತು ಹಾಗೆ ಬಂದದ್ದು. ನೋಡಿ, ಮತ್ತೆ 'ಅವು'. ಬದುಕಿನಲ್ಲಿ ಒಂದೇ ಮದುವೆ. ಮದುವೆಯೇ ಬೇಡವೆನ್ನುವ ಹೆಂಗಸರಿದ್ದಾರೆ, ತಾವು ಬಯಸಿದವನು ಸಿಗದಿದ್ದರೆ ಬೇರೆಯವನನ್ನು ಒಲ್ಲೆ ಎನ್ನುವವರೂ ಇದ್ದಾರೆ. ಇಷ್ಟನ್ನೆಲ್ಲ ಹೇಳಿದ ಟೋಲ್ಕಿನ್ ವಂಶವೃಕ್ಷದಲ್ಲಿ ಹೆಸರಿಟ್ಟದ್ದು ಮಾತ್ರ ಒಬ್ಬಳೇ ಹೆಣ್ಣಿಗೆ, ಥೋರಿನ್‌ನ ತಂಗಿ ಡೀಸ್. ಅಣ್ಣನ ಜೊತೆ ಹೋದ ಅವಳ ಇಬ್ಬರು ಮಕ್ಕಳೂ ಯುದ್ಧದಲ್ಲಿ ಸತ್ತರು. ಆ ಸುದ್ದಿ ಅವಳಿಗೆ ತಲುಪಿದ ದಿನದ ಬಗ್ಗೆ ಒಂದು ಸಾಲೂ ಇಲ್ಲ. ಅದು ಅವರು ನಮಗೆ ಬಾಕಿ ಉಳಿಸಿಹೋದ ಕಥೆ ಎಂದೇ ನಾನು ತಿಳಿದಿದ್ದೇನೆ.

ಇನ್ನು ಖಜದ್‌ದೂಮ್. ಮಿಥ್ರಿಲ್ ಎಂಬ ಬೆಳ್ಳಿಗಿಂತ ಹೊಳೆಯುವ, ಉಕ್ಕಿಗಿಂತ ಗಟ್ಟಿಯಾದ ಲೋಹ ಅಲ್ಲಿ ಸಿಗುತ್ತಿತ್ತು. ಅದರ ಎಳೆ ಹಿಡಿದು ಆಳಕ್ಕೆ, ಇನ್ನೂ ಆಳಕ್ಕೆ ಹೋದರು. ಟೋಲ್ಕಿನ್ ಲೋಕದ ಲೆಕ್ಕದಲ್ಲಿ ಮೂರನೇ ಯುಗದ 1980ರಲ್ಲಿ ತಳದಿಂದ ಬೆಂಕಿಯ ಪಿಶಾಚಿಯೊಂದು ಎದ್ದಿತು. ರಾಜ ಆರನೇ ಡುರಿನ್ ಸತ್ತ, ಮರುವರ್ಷ ಅವನ ಮಗ ನೈನ್ ಸತ್ತ. ಉಳಿದವರು ಊರು ಬಿಟ್ಟು ಓಡಿದರು. ಆಸೆಬುರುಕರು, ಅತಿಯಾಗಿ ಅಗೆದರು, ಅನುಭವಿಸಿದರು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಟೋಲ್ಕಿನ್ ಅಡಿಯಲ್ಲಿ ಒಂದು ಸಣ್ಣ ಟಿಪ್ಪಣಿ ಇಟ್ಟಿದ್ದಾರೆ: ಆ ಪಿಶಾಚಿ ಬೇರೊಬ್ಬನ ದುಷ್ಟತನದಿಂದ ಆಗಲೇ ಎಚ್ಚರಗೊಂಡಿದ್ದಿರಬಹುದು ಅಂತ.

ಆ ಟಿಪ್ಪಣಿ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಅಪ್ಪನಿಗೆ ಫೋನ್ ಮಾಡಿದ್ದೆ. ಕುದುರೆಮುಖದ ಕಂಪನಿ ಶುರುವಾದದ್ದು 1976ರಲ್ಲಿ. ಅದಿರನ್ನು ಅರೆದು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಸುತ್ತಲಿನ ಶೋಲಾ ಕಾಡು, ಹುಲ್ಲುಗಾವಲು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಬೆಟ್ಟಗಳವು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನಾನಾಗ ಎಂಟನೇ ಕ್ಲಾಸು. ನಿಲ್ಲಬೇಕಿತ್ತು, ನಿಂತದ್ದು ಸರಿ. ಯವನ್ನಾಳ ಪಕ್ಷದಲ್ಲಿ ನಿಂತೇ ನಾನು ಇದನ್ನು ಹೇಳುತ್ತೇನೆ. ಆದರೆ ನಮ್ಮ ಊರು ಅದೇ ಆಗಿತ್ತು. ಶಾಲೆ, ಆಟದ ಬಯಲು, ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯಲ್ಲಿ ಒಣಗದ ಯೂನಿಫಾರ್ಮು. ಈಗ ಹೋದರೆ ಕ್ವಾರ್ಟರ್ಸ್ ಗೋಡೆ ತುಂಬ ಪಾಚಿ. ಅಲ್ಲಿಂದ ಚದುರಿದವರು ಎಲ್ಲಿ ಸಿಕ್ಕರೂ ಮೊದಲು ಹೇಳುವುದು 'ನಾವು ಕುದುರೆಮುಖದವರು' ಅಂತ. ಜಾತಿ ಬೇರೆ, ಭಾಷೆ ಬೇರೆ, ಮೂಲ ಊರು ಬೇರೆ. ಆದರೂ ಅದೊಂದು ಬೆಡಗು. ಡುರಿನ್ನನ ಜನ ನೂರಾರು ವರ್ಷ ಬೇರೆ ಬೇರೆ ಬೆಟ್ಟಗಳಲ್ಲಿ ಬದುಕಿಯೂ ಖಜದ್‌ದೂಮಿನ ಹಾಡು ಹಾಡುತ್ತಿದ್ದದ್ದು ಯಾಕೆ ಅಂತ ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆ ಜನರ ವಂಶದ ಥ್ರೋರ್ ಎಂಬ ಮುದಿ ರಾಜ ಅದೇ ಯುಗದ 2790ರಲ್ಲಿ ತನ್ನ ಹಳೆಯ ಮನೆ ನೋಡಲು ಹೋಗಿ ಓರ್ಕ್ ಎಂಬ ಕ್ರೂರ ಜೀವಿಗಳ ಕೈಯಲ್ಲಿ ಸತ್ತ. ಅವನ ತಲೆ ಕತ್ತರಿಸಿ, ಹಣೆಯ ಮೇಲೆ ಕೊಂದವನ ಹೆಸರು ಬರೆದು ಹೊರಗೆಸೆದರು. ಹಿರಿಯ ಪಿತಾಮಹನ ವಂಶಕ್ಕೆ ಆದ ಅವಮಾನ ಎಂದು ಏಳೂ ಬೆಡಗಿನವರು ದಂಡು ಕಳಿಸಿದರು, ದೂರ ಪೂರ್ವದವರು ಕೂಡ. 2799ರಲ್ಲಿ ಖಜದ್‌ದೂಮಿನ ಬಾಗಿಲಲ್ಲೇ ಕೊನೆಯ ಯುದ್ಧ. ಗೆದ್ದರು. ಒಂದು ಕಣ್ಣು ಕಳೆದುಕೊಂಡಿದ್ದ ಥ್ರೋರ್‌ನ ಮಗ ಥ್ರೈನ್, ಬನ್ನಿ ಒಳಗೆ ಹೋಗೋಣ, ಊರು ನಮ್ಮದಾಯಿತು ಎಂದ. ಬೇರೆ ಬೆಡಗಿನವರು ಒಪ್ಪಲಿಲ್ಲ. ಅದು ನಿಮ್ಮ ಪಿತಾಮಹನ ಮನೆ, ನಮ್ಮದಲ್ಲ. ಸೇಡಿಗೆ ಬಂದೆವು, ಸೇಡು ಮುಗಿಯಿತು ಅಂದರು. ದುಃಖ ಎಲ್ಲರದ್ದಾಗಬಹುದು. ಮನೆ ಮಾತ್ರ ಅವರವರದ್ದೇ.

ಸತ್ತವರು ಲೆಕ್ಕ ಮೀರಿದ್ದರು. ಡ್ವಾರ್ಫರು ಹೆಣವನ್ನು ಮಣ್ಣಿನಲ್ಲಿ ಹೂಳುವುದಿಲ್ಲ, ಕಲ್ಲಿನಲ್ಲೇ ಇಡಬೇಕು. ಅಷ್ಟೊಂದು ಜನಕ್ಕೆ ಕಲ್ಲು ಕಡಿಯಲು ವರ್ಷಗಳೇ ಬೇಕು. ಕೊನೆಗೆ ಮರ ಕಡಿದು ಚಿತೆ ಮಾಡಿ ಸುಟ್ಟರು. ಅಂದಿನಿಂದ 'ನಮ್ಮಜ್ಜ ಸುಟ್ಟ ಡ್ವಾರ್ಫ್' ಎಂದು ಅವರ ವಂಶದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕೇಳಿದವರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ವೀರಗಲ್ಲು ನಿಂತಿದೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ಹೊತ್ತೊಯ್ಯುವುದು, ಮೇಲೆ ಸ್ವರ್ಗ. ನಮ್ಮವರು ಒಬ್ಬ ತುರುಕಾಳಗದ ವೀರನಿಗೂ ಕಲ್ಲು ನಿಲ್ಲಿಸಿದರು. ಕಲ್ಲನ್ನೇ ನಂಬಿ ಬದುಕಿದ ಜನಕ್ಕೆ ತಮ್ಮ ವೀರರಿಗೆ ಒಂದು ಕಲ್ಲು ಕೊಡಲು ಆಗಲಿಲ್ಲ. ಅವರು ಆ ಮಾತನ್ನೇ ಕಲ್ಲು ಮಾಡಿಕೊಂಡರು.

ಆಟಗಳ ಬಗ್ಗೆ ಹುಡುಗರು ಕೇಳುತ್ತಾರೆಂದು ಎರಡು ಮಾತು. 1974ರಲ್ಲಿ ಬಂದ 'ಡಂಜನ್ಸ್ ಆಂಡ್ ಡ್ರಾಗನ್ಸ್' ಆಟದಿಂದ ಡ್ವಾರ್ಫರು ಜಗತ್ತಿನ ತುಂಬ ಹರಡಿದರು. 2014ರ ಅದರ ನಿಯಮದಲ್ಲಿ ಡ್ವಾರ್ಫ್ ಆದರೆ ತಾಳಿಕೆಗೆ ಎರಡು ಅಂಕ ಹೆಚ್ಚು. ಗುಡ್ಡದವನಾದರೆ ವಿವೇಕಕ್ಕೆ ಒಂದು, ಬೆಟ್ಟದವನಾದರೆ ಬಲಕ್ಕೆ ಎರಡು. 2024ರ ಪುಸ್ತಕದಲ್ಲಿ ಈ ಗುಡ್ಡ, ಬೆಟ್ಟದ ಭೇದವನ್ನೇ ತೆಗೆದರು. ನನಗೆ ಬೇಸರವಾಗಲಿಲ್ಲ, ಅಂಕದ ಪಟ್ಟಿಯಲ್ಲಿ ಬೆಡಗು ಇರಲೇ ಇಲ್ಲವಲ್ಲ. ಅದೇ ಆಟದ ಡ್ಯುರ್ಗಾರ್ ಎಂಬ ಬೂದು ಡ್ವಾರ್ಫರು ಬೇರೆ. ಪಾತಾಳದ ಮನಸ್ಸು ತಿನ್ನುವ ಜೀವಿಗಳಿಗೆ ತಲೆಮಾರುಗಟ್ಟಲೆ ಗುಲಾಮರಾಗಿದ್ದು, ತಮ್ಮ ಕೈಯಾರೆ ಬಿಡಿಸಿಕೊಂಡು ಬಂದವರು, ಬಿಡಿಸಲು ಬಾರದ ಬಂಧುಗಳನ್ನು ಕ್ಷಮಿಸದವರು. ನಿಮ್ಮ ಆಟಕ್ಕೆ ನೀವೇ ಡ್ವಾರ್ಫರನ್ನು ಕಟ್ಟಿಕೊಳ್ಳುವುದಾದರೆ ಅಲ್ಲಿಂದ ಶುರು ಮಾಡಿ. ಅವರು ಬಿಟ್ಟುಬಂದ ಬೆಟ್ಟ ಯಾವುದು? ಊಟದ ಧಾನ್ಯವನ್ನು ಯಾರಿಂದ ಕೊಳ್ಳುತ್ತಾರೆ? ಡ್ವಾರ್ಫರು ಉಳುವವರಲ್ಲ; ಮನುಷ್ಯರಿಗೆ ಕಬ್ಬಿಣ ಕೊಟ್ಟು ಕಾಳು ತರಬೇಕು. ಯಾವ ಮನೆಯವರ ಜೊತೆ ಕೂತು ಉಣ್ಣುವುದಿಲ್ಲ, ಯಾಕೆ? ಇಷ್ಟು ಗೊತ್ತಾದರೆ ಗಡ್ಡದ ಬಣ್ಣವನ್ನು ಕೊನೆಗೆ ಹಚ್ಚಿಕೊಳ್ಳಬಹುದು.

(ಹಿರಿಯರೊಬ್ಬರು ಎದ್ದು ಕೇಳಿದರು: "ನಮ್ಮ ಕುಬೇರನೂ, ಯಕ್ಷರೂ ಇವರೇ ಅಲ್ಲವಾ?")

ಇವರೇ ಅಂತ ಹೇಳುವುದಕ್ಕೆ ಹೋಗುವುದಿಲ್ಲ ಸರ್. ಯಕ್ಷರಿಗೆ ಅವರದ್ದೇ ಲೋಕವಿದೆ, ಅವರು ಕಮ್ಮಾರರೂ ಅಲ್ಲ. ಆದರೆ ನೀವು ಹೇಳಿದ್ದರಲ್ಲಿ ನನಗೊಂದು ಎಳೆ ಸಿಕ್ಕಿತು. ಗಿಡ್ಡ ಮೈ, ಡೊಳ್ಳು ಹೊಟ್ಟೆ, ಉತ್ತರದ ಬೆಟ್ಟ, ನಿಧಿ, ಇಷ್ಟನ್ನು ಮಾತ್ರ ನಾವು ನೋಡುತ್ತೇವೆ. ಕುಬೇರ ಮೊದಲು ಲಂಕೆಯ ಒಡೆಯ. ಮಲತಾಯಿಯ ಮಗ ರಾವಣ ಅವನನ್ನು ಓಡಿಸಿ ಊರನ್ನೂ ಪುಷ್ಪಕ ವಿಮಾನವನ್ನೂ ಕಿತ್ತುಕೊಂಡ. ಅಳಕಾಪುರಿ ಅವನು ಊರು ಕಳೆದುಕೊಂಡ ಮೇಲೆ ಕಟ್ಟಿಕೊಂಡದ್ದು. ಡ್ರಾಗನ್ನಿಗೆ ಊರು ಬಿಟ್ಟುಕೊಟ್ಟು ಅಲೆದ ಥೋರಿನ್ನನ ಪಕ್ಕದಲ್ಲಿ ಅವನನ್ನು ಕೂರಿಸಿದರೆ ಇಬ್ಬರಿಗೂ ಮಾತಾಡಲು ಬೇಕಾದಷ್ಟಿರುತ್ತಿತ್ತು.

ಕೊನೆಯದಾಗಿ 'ಲಾರ್ಡ್ ಆಫ್ ದಿ ರಿಂಗ್ಸ್' ಕಥೆಯ ಡ್ವಾರ್ಫ್ ಗಿಮ್ಲಿಯ ಬಗ್ಗೆ. ಯುದ್ಧದ ನಡುವೆ ಅವನು ಒಂದು ಗುಹೆಗೆ ಹೋಗಿ ಬಂದು, ದೀಪದ ಬೆಳಕಿನಲ್ಲಿ ಕಂಡ ಕಲ್ಲಿನ ಕಂಬ, ನೀರಿನ ಕನ್ನಡಿಗಳನ್ನು ಎಲ್ಫ್ ಗೆಳೆಯನಿಗೆ ವರ್ಣಿಸುತ್ತಾನೆ. ನಿಮ್ಮ ಜನ ಬಂದರೆ ಅದನ್ನು ಅಗೆದು ಹಾಕುತ್ತಾರಲ್ಲ ಎಂದು ಗೆಳೆಯ ಅಂದದ್ದಕ್ಕೆ ಅವನಿಗೆ ನೋವಾಗುತ್ತದೆ. ಹೂ ಬಿಟ್ಟ ಮರವನ್ನು ನೀವು ಸೌದೆಗೆ ಕಡಿಯುತ್ತೀರಾ? ನಾವು ಅದನ್ನು ಸಾಕುತ್ತೇವೆ; ದಿನವಿಡೀ ಅಂಜುತ್ತಾ ಅಂಜುತ್ತಾ ಒಂದೇ ಒಂದು ಸಣ್ಣ ಚಕ್ಕೆ ತೆಗೆಯುತ್ತೇವೆ ಅನ್ನುತ್ತಾನೆ. ಡಂಪರ್ ಓಡಿಸಿದ ಅಪ್ಪನಿಗೆ ಈ ಭಾಗವನ್ನು ಓದಿ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಲೂರಿನಲ್ಲಿ ಹಾಗೇ ಕೆತ್ತಿರಬೇಕು" ಅಂದರು.

ಹಾಗೇ ಕೆತ್ತಿರಬೇಕು. ಹೊಯ್ಸಳರ ಬಳಪದ ಕಲ್ಲು ಅಗೆದು ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವಂಥದ್ದು. ಕೆಲಸ ಮಾಡಿದವರು ತಮ್ಮ ಹೆಸರನ್ನು ವಿಗ್ರಹದ ಕೆಳಗೆ ಕೆತ್ತಿಟ್ಟರು, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ರೂವಾರಿ ಮಲ್ಲಿತಮ್ಮ. ನುಗ್ಗೇಹಳ್ಳಿಯ ಗುಡಿಯಲ್ಲಿ ಒಂದು ಬದಿ ಮಲ್ಲಿತಮ್ಮನದು, ಇನ್ನೊಂದು ಬದಿ ನಂದಿಯ ಬೈಚೋಜನದು. ಎರಡು ಕೈ, ಎರಡು ಶೈಲಿ, ಒಂದೇ ಗೋಡೆ. ಡ್ವಾರ್ಫರು ಗೋರಿಯ ಮೇಲೂ ನಿಜವಾದ ಹೆಸರು ಬರೆಯಲಿಲ್ಲ. ಇವರು ಬರೆದರು. ಎಂಟುನೂರು ವರ್ಷದ ಮೇಲೂ ನಾವು ಆ ಗೋಡೆಯ ಮುಂದೆ ನಿಂತು 'ಇವರು ಕೆತ್ತಿದ್ದು' ಎನ್ನಬಹುದು.

ಮಲ್ಲಿತಮ್ಮ ಕೆಲಸ ಶುರು ಮಾಡಿದ್ದು ನಮ್ಮ ತರೀಕೆರೆಯ ಹತ್ತಿರದ ಅಮೃತಾಪುರದಲ್ಲಿ, 1196ರ ಗುಡಿಯ ಮಂಟಪದ ಭುವನೇಶ್ವರಿಗಳಲ್ಲಿ, ಅಂದರೆ ಕೆತ್ತನೆಯ ಒಳಚಾವಣಿಗಳಲ್ಲಿ. ಅದೇ ಗುಡಿಯ ಶಾಸನದ ಪದ್ಯ ಬರೆದವನು ಕವಿ ಜನ್ನ. ಮಳೆ ಬಿಟ್ಟ ಒಂದು ಭಾನುವಾರ ಹೋಗೋಣ ಅಂತ ನಾಲ್ಕೈದು ಜನ ಮಾತಾಡಿಕೊಂಡಿದ್ದೇವೆ, ಬರುವವರು ಹೊರಡುವಾಗ ಹೆಸರು ಹೇಳಿ ಹೋಗಿ. ಒಳಗೆ ಮಬ್ಬುಗತ್ತಲು, ಟಾರ್ಚ್ ತನ್ನಿ. ಕತ್ತೆತ್ತಿ ನೋಡಬೇಕಾಗುತ್ತದೆ, ಹಾಗಾಗಿ ನೆಲದ ಮೇಲೆ ಮಲಗಿಕೊಂಡೇ ನೋಡುವುದು ಒಳ್ಳೆಯದು, ಮಕ್ಕಳಿಗೆ ಒಂದು ಚಾಪೆ ಇರಲಿ.

ಅಪ್ಪನ ಕಲ್ಲು ಎಲ್ಲಿಯವರೆಗೆ ಹೋಯಿತು? ಕೊನೆಯ ಸಾಲಿನಲ್ಲಿದೆಯಾ. ಪರವಾಗಿಲ್ಲ, ಅವರೂ ನೋಡಲಿ. ನೋಡಿದ ಮೇಲೆ ನಿಧಾನವಾಗಿ ಮುಂದಕ್ಕೆ ಕೊಡಿ.